ಬಿಸಿಲೂರಿನ ಗೊಬ್ಬರದ ಬಕೆಟ್

ಮೊದಲ ಸಲ ನಾನು ಗೊಬ್ಬರ ಮಾಡಲು ಹೊರಟಾಗ ಎಲ್ಲರೂ ಹೇಳಿದ್ದು ಒಂದೇ ಮಾತು: ನೀರು ಜಾಸ್ತಿ ಆದರೆ ನಾರುತ್ತದೆ, ಹುಷಾರು. ನಾನೂ ಮಾರ್ಚ್‌ನಲ್ಲಿ ಮಾಳಿಗೆ ಮೇಲೆ ಬಕೆಟ್ ಇಟ್ಟು, ಹನಿ ನೀರು ಹಾಕದೆ ಸಿಪ್ಪೆ ತುಂಬುತ್ತಾ ಹೋದೆ. ಮೇ ಕೊನೆಗೆ ಮುಚ್ಚಳ ತೆಗೆದರೆ ಸೌತೆ ಸಿಪ್ಪೆ, ಬಾಳೆ ಸಿಪ್ಪೆ ಎಲ್ಲ ಸಂಡಿಗೆ ಥರ ಒಣಗಿ ಕೂತಿದ್ದವು! ಕಲಬುರಗಿ ಬಿಸಿಲು 42 ಡಿಗ್ರಿ ದಾಟುತ್ತದೆ. ಇಲ್ಲಿ ಕಸ ಕೊಳೆಯಬೇಕಾದರೂ ನೀರು ಕುಡಿಸಬೇಕು.

ಈಗ ನನ್ನ ಬಕೆಟ್ ಮೆಟ್ಟಿಲ ಕೆಳಗಿನ ನೆರಳಲ್ಲಿದೆ. ಗೋಡೆಗೆ ಹೊಡೆಯುವ ಪೇಂಟ್ ಬರುತ್ತದಲ್ಲ, ಆ 20 ಲೀಟರಿನ ಹಳೆ ಬಕೆಟ್ ಸಾಕು. ಚೆನ್ನಾಗಿ ತೊಳೆದು, ಮೊಳೆ ಕಾಯಿಸಿ ತಳಕ್ಕೂ ಸುತ್ತಲೂ ತೂತು ಹಾಕಿ. ಕೆಳಗೊಂದು ತಟ್ಟೆ. ತಳದಲ್ಲಿ ಮೂರು ಬೆರಳಷ್ಟು ತೊಗರಿ ಕಟ್ಟಿಗೆ ಮುರಿದು ಹರಡಿ, ಗಾಳಿ ಆಡುತ್ತದೆ. ಅದರ ಮೇಲೆ ಒಣ ಎಲೆ, ಒಂದು ಹಿಡಿ ಹಳೆ ಗೊಬ್ಬರ ಇಲ್ಲವೇ ಸಗಣಿ ನೀರು.

ಆಮೇಲೆ ದಿನದ ಕಸ. ಒಂದು ಬಟ್ಟಲು ಸಿಪ್ಪೆಗೆ ಎರಡು ಬಟ್ಟಲು ಒಣ ಎಲೆ, ಇದು ನನ್ನ ಲೆಕ್ಕ. ಶಿವರಾತ್ರಿ ಹೊತ್ತಿಗೆ ಬೇವಿನ ಮರ ಎಲೆ ಉದುರಿಸುತ್ತದಲ್ವಾ, ಆಗಲೇ ಎರಡು ಗೋಣಿಚೀಲ ತುಂಬಿ ಇಡುತ್ತೇನೆ. ಶೇಂಗಾ ಸಿಪ್ಪೆಯೂ ನಡೆಯುತ್ತದೆ, ಆದರೆ ಕರಗಲು ತಡ. ಪುಂಡಿ ಪಲ್ಯದ ದಂಟು ನಾರು ನಾರು, ಸಣ್ಣಗೆ ಕತ್ತರಿಸಿ. ಚಹಾ ಚರಟದಲ್ಲಿ ಸಕ್ಕರೆ ಇದ್ದರೆ ತೊಳೆದು ಹಾಕಿ. ಎಣ್ಣೆ ಪದಾರ್ಥ, ಮಾಂಸ, ಮೂಳೆ ಬೇಡ, ಇಲಿ ಬರುತ್ತವೆ.

ನೀರಿನ ಹದ ಹೇಗೆ ಗೊತ್ತಾಗುತ್ತದೆ? ಒಂದು ಹಿಡಿ ತೆಗೆದು ಹಿಂಡಿ. ಉಂಡೆ ನಿಲ್ಲಬೇಕು, ಒಂದೆರಡು ಹನಿ ಬಂದರೂ ಸರಿ. ಧಾರೆ ಇಳಿದರೆ ಒಣ ಎಲೆ ಸೇರಿಸಿ. ಪುಡಿ ಪುಡಿಯಾದರೆ ಅಕ್ಕಿ ತೊಳೆದ ನೀರು ಚಿಮುಕಿಸಿ. ಏಪ್ರಿಲ್, ಮೇನಲ್ಲಿ ನಾನು ದಿನ ಬಿಟ್ಟು ದಿನ ಚಿಮುಕಿಸುತ್ತೇನೆ, ಮೇಲೆ ಒದ್ದೆ ಗೋಣಿಚೀಲ ಹೊದಿಸುತ್ತೇನೆ. ಇರುವೆ ಸಾಲು ಕಂಡರೆ ಒಣಗಿದೆ ಅಂತಲೇ ಅರ್ಥ. ಮಳೆಗಾಲದಲ್ಲಿ ಎಲ್ಲ ಉಲ್ಟಾ: ನೀರು ಬೇಡ, ಎಲೆ ಜಾಸ್ತಿ.

ವಾರಕ್ಕೊಮ್ಮೆ ಕೋಲಿನಿಂದ ಕೆಳಗಿನದು ಮೇಲೆ ಬರುವಂತೆ ತಿರುವಿ. ಕೊಳೆತ ಮೊಟ್ಟೆ ವಾಸನೆ ಬಂದರೆ ಗಾಳಿ ಸಾಲದು, ಮತ್ತೆ ತಿರುವಿ ಒಣ ಎಲೆ ಸುರಿಯಿರಿ.

ಒಂದು ದಿನ ನಮ್ಮತ್ತೆ ಮುಚ್ಚಳ ತೆಗೆದವರೇ ಕೂಗಿಕೊಂಡರು. ಒಳಗೆ ದಪ್ಪ ದಪ್ಪ ಹುಳ. ಅವು ಕಸ ತಿನ್ನುವ ಒಂದು ಜಾತಿ ನೊಣದ ಮರಿ, ಏನೂ ಮಾಡುವುದಿಲ್ಲ. ಬೇಡ ಅನಿಸಿದರೆ ಹಸಿ ಕಸ ಕಾಣದಂತೆ ಎರಡು ಬೆರಳಷ್ಟು ಒಣ ಎಲೆ ಹಾಕಿ. ನಾನು ಸುಮ್ನೆ ಬಿಡುತ್ತೇನೆ.

ಬಕೆಟ್ ತುಂಬಿದ ಮೇಲೆ ಎರಡು ಮೂರು ತಿಂಗಳು ಬಿಡಿ. ಕಪ್ಪಗಾಗಿ, ಮೊದಲ ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಆಯಿತು. ಜರಡಿ ಹಿಡಿದು, ಮೂರು ಪಾಲು ಮಣ್ಣಿಗೆ ಒಂದು ಪಾಲು ಬೆರೆಸಿ. ನಮ್ಮ ಎರೆಮಣ್ಣು ಕುಂಡದಲ್ಲಿ ಗಟ್ಟಿಯಾಗಿ ಬಿರುಕು ಬಿಡುತ್ತದೆ, ಇದು ಬಿದ್ದರೆ ಸಡಿಲವಾಗುತ್ತದೆ. ಜರಡಿಯಲ್ಲಿ ಉಳಿದಿದ್ದು ಮುಂದಿನ ಬಕೆಟ್‌ಗೆ ಹೆಪ್ಪು. ಮಾವಿನ ಗೊರಟೆ ಮಾತ್ರ ಆರಿಸಿ ತೆಗೆಯಿರಿ. ನಾನು ಬಿಟ್ಟಿದ್ದೊಂದು ಈಗ ಕರಿಬೇವಿನ ಕುಂಡದಲ್ಲಿ ಮೊಣಕಾಲುದ್ದ ಬೆಳೆದಿದೆ, ಕೀಳಲು ಅತ್ತೆ ಬಿಡುತ್ತಿಲ್ಲ.