ಗುರುವಿನತ್ತ ಮೂರು ದಾರಿ: ಬೈನಾಕ್ಯುಲರ್, ನೌಕೆಯ ಚಿತ್ರ, ಸಿಮ್ಯುಲೇಟರ್

ಗ್ರಹಗಳ ಹುಚ್ಚು ಹೊಸದಾಗಿ ಹತ್ತಿದಾಗ ಎಲ್ಲವೂ ಒಟ್ಟಿಗೆ ಬೇಕು ಅನ್ನಿಸುತ್ತದೆ. ಶನಿಯ ಉಂಗುರವೂ ಬೇಕು, ಮಂಗಳದ ಧ್ರುವವೂ ಬೇಕು, ದೊಡ್ಡ ಟೆಲಿಸ್ಕೋಪೂ ಬೇಕು. ನನ್ನ ಸಲಹೆ ಬೇರೆ. ಒಂದೇ ಗ್ರಹ ಹಿಡಿಯಿರಿ, ಅದನ್ನು ಮೂರು ಥರ ನೋಡಿ. ಮೊದಲು ನಿಮ್ಮ ಕಣ್ಣಿನಿಂದ, ಆಮೇಲೆ ಅದರ ಹತ್ತಿರ ಹೋದ ನೌಕೆಯ ಕ್ಯಾಮೆರಾದಿಂದ, ಕೊನೆಗೆ ಕಂಪ್ಯೂಟರಿನಲ್ಲಿ ನೀವೇ ರಾಕೆಟ್ ಹಾರಿಸಿ. ಇದಕ್ಕೆ ಗುರು ಗ್ರಹ ಹೇಳಿ ಮಾಡಿಸಿದ ಹಾಗಿದೆ. ಈ ಕ್ರಮ ಮಾತ್ರ ತಪ್ಪಿಸಬೇಡಿ. ಮೊದಲ ವಾರದ ನೋಟ್‌ಬುಕ್ ಕೊನೆಯ ಹಂತದಲ್ಲಿ ಕೆಲಸಕ್ಕೆ ಬರುತ್ತದೆ.

ಹಂತ 1: ಗುರುವನ್ನು ಗುರುತಿಸಿ

ನಕ್ಷತ್ರ ಮಿನುಗುತ್ತದೆ, ಗ್ರಹ ಅಷ್ಟಾಗಿ ಮಿನುಗುವುದಿಲ್ಲ. ನಕ್ಷತ್ರ ತುಂಬ ದೂರ ಇರುವುದರಿಂದ ನಮಗೆ ಅದು ಬರೀ ಚುಕ್ಕೆ, ಗಾಳಿ ಸ್ವಲ್ಪ ಅಲುಗಿದರೂ ಅದರ ಬೆಳಕು ನಡುಗುತ್ತದೆ. ಗ್ರಹ ಒಂದು ಪುಟ್ಟ ಬಿಲ್ಲೆ. ಅದರ ಬೆಳಕು ನಿಂತಲ್ಲೇ ನಿಲ್ಲುತ್ತದೆ. ಸೂರ್ಯ ಚಂದ್ರರು ಹಾದುಹೋಗುವ ದಾರಿಯಲ್ಲೇ ಹುಡುಕಿ. ಶುಕ್ರ ಗುರುವಿಗಿಂತ ಜೋರಾಗಿ ಹೊಳೆಯುತ್ತದೆ, ಆದರೆ ಅದು ಸಂಜೆ ಪಶ್ಚಿಮದಲ್ಲಿ ಅಥವಾ ಬೆಳಗಿನ ಜಾವ ಪೂರ್ವದಲ್ಲಿ ಮಾತ್ರ ಸಿಗುತ್ತದೆ. ನಡುರಾತ್ರಿ ಆಕಾಶದಲ್ಲಿ ಮೇಲೆ, ಅಲುಗದೆ, ಬಿಳಿ ಬೆಳಕು ನಿಂತಿದ್ದರೆ ಅದು ಬಹುಪಾಲು ಗುರುವೇ. ಅನುಮಾನ ಇದ್ದರೆ ಸ್ಟೆಲ್ಲೇರಿಯಮ್ ಅನ್ನುವ ಉಚಿತ ಸಾಫ್ಟ್‌ವೇರ್ ಹಾಕಿಕೊಳ್ಳಿ, ನಿಮ್ಮ ಊರಿನ ಇವತ್ತಿನ ಆಕಾಶವನ್ನೇ ತೋರಿಸುತ್ತದೆ.

ಸುಮಾರು 13 ತಿಂಗಳಿಗೊಮ್ಮೆ ಗುರು ನಮ್ಮ ಆಕಾಶದಲ್ಲಿ ಸೂರ್ಯನ ನೇರ ಎದುರು ದಿಕ್ಕಿಗೆ ಬರುತ್ತದೆ. ಆಗ ಅದು ರಾತ್ರಿಯಿಡೀ ಕಾಣುತ್ತದೆ, ದೊಡ್ಡದಾಗಿಯೂ ಕಾಣುತ್ತದೆ. ಅದರ ಆಚೀಚಿನ ಎರಡು ಮೂರು ತಿಂಗಳು ಒಳ್ಳೆಯ ಕಾಲ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಬೈನಾಕ್ಯುಲರ್ ಆಗಲಿ ಟೆಲಿಸ್ಕೋಪ್ ಆಗಲಿ, ಸೂರ್ಯನ ಹತ್ತಿರಕ್ಕೂ ತಿರುಗಿಸಬೇಡಿ. ಕ್ಷಣದಲ್ಲಿ ಕಣ್ಣು ಹೋಗುತ್ತದೆ. ಬುಧ, ಶುಕ್ರ ಹುಡುಕುವವರು ಸಂಜೆ ಸೂರ್ಯ ಪೂರ್ತಿ ಮುಳುಗುವ ತನಕ ಕಾಯಲೇಬೇಕು.

ಹಂತ 2: ಹತ್ತು ರಾತ್ರಿ, ನಾಲ್ಕು ಚುಕ್ಕೆ

ಒಂದು ಸಾಧಾರಣ 7x50 ಅಥವಾ 10x50 ಬೈನಾಕ್ಯುಲರ್ ಸಾಕು. ಮೊದಲನೆಯ ಸಂಖ್ಯೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಕೈ ನಡುಗಿದರೆ ಏನೂ ಕಾಣುವುದಿಲ್ಲ, ಹಾಗಾಗಿ ಗೋಡೆಗೆ ಒರಗಿ ಅಥವಾ ಮೊಣಕೈಯನ್ನು ಎಲ್ಲಾದರೂ ಊರಿ ನಿಲ್ಲಿ. ಗುರುವಿನ ಎರಡೂ ಕಡೆ, ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ, ಸಣ್ಣ ಚುಕ್ಕೆಗಳು ಕಾಣಬೇಕು.

ಗೆಲಿಲಿಯೊ 1610ರ ಜನವರಿ 7ರ ರಾತ್ರಿ ಕಂಡದ್ದು ಇವನ್ನೇ. ಅವತ್ತು ಅವನಿಗೆ ಮೂರು ಚುಕ್ಕೆ ಕಂಡಿತ್ತು, 13ನೇ ತಾರೀಖಿಗೆ ನಾಲ್ಕನೆಯದೂ ಸಿಕ್ಕಿತು. ಅವು ನಕ್ಷತ್ರಗಳಲ್ಲ, ಗುರುವನ್ನು ಸುತ್ತುವ ಉಪಗ್ರಹಗಳು ಅಂತ ಅವನಿಗೆ ಹೊಳೆದದ್ದು ದಿನಾ ಬರೆದಿಟ್ಟಿದ್ದರಿಂದ. ನೀವೂ ಬರೆಯಿರಿ. ನೋಟ್‌ಬುಕ್ಕಿನಲ್ಲಿ ಒಂದು ಸೊನ್ನೆ ಹಾಕಿ, ಅದರ ಎಡಕ್ಕೆ ಬಲಕ್ಕೆ ಕಂಡಷ್ಟು ಚುಕ್ಕೆ ಇಡಿ, ಪಕ್ಕದಲ್ಲಿ ತಾರೀಖು ಮತ್ತು ಸಮಯ ಬರೆಯಿರಿ. ಎರಡು ನಿಮಿಷದ ಕೆಲಸ. ಮೋಡ ಬಂದ ದಿನ ಬಿಟ್ಟುಬಿಡಿ, ಒಟ್ಟು ಹತ್ತು ರಾತ್ರಿ ಆಗಲಿ.

ಹತ್ತು ರಾತ್ರಿ ಮುಗಿಯುವ ತನಕ ಯಾವ ಚುಕ್ಕೆ ಯಾವುದು ಅಂತ ಸಾಫ್ಟ್‌ವೇರಿನಲ್ಲಿ ನೋಡಬೇಡಿ. ಇದು ನನ್ನ ಹಟ, ಆದರೆ ಕಾರಣ ಇದೆ. ಉತ್ತರ ಗೊತ್ತಿದ್ದರೆ ಕಣ್ಣು ಹುಡುಕುವುದನ್ನು ನಿಲ್ಲಿಸಿಬಿಡುತ್ತದೆ. ಗೊತ್ತಿಲ್ಲದೆ ನೋಡಿದಾಗ ಒಂದು ಚುಕ್ಕೆ ಮಾತ್ರ ತುಂಬ ದೂರ ಹೋಗಿ ನಿಧಾನಕ್ಕೆ ವಾಪಸ್ ಬರುವುದು ಗೊತ್ತಾಗುತ್ತದೆ, ಇನ್ನೊಂದು ಗುರುವಿಗೆ ಅಂಟಿಕೊಂಡೇ ಇದ್ದು ಒಂದು ದಿನ ಕಂಡು ಇನ್ನೊಂದು ದಿನ ಅದರ ಬೆಳಕಿನಲ್ಲಿ ಕಳೆದುಹೋಗುವುದು ಗೊತ್ತಾಗುತ್ತದೆ, ಮತ್ತೊಂದು ಈ ಶನಿವಾರ ಇದ್ದ ಜಾಗಕ್ಕೇ ಮುಂದಿನ ಶನಿವಾರ ಬಂದು ನಿಂತಿರುತ್ತದೆ. ದೂರದ್ದು ಕ್ಯಾಲಿಸ್ಟೊ, ಅಂಟಿಕೊಂಡಿರುವುದು ಅಯೋ, ವಾರದ ಲೆಕ್ಕದ್ದು ಗ್ಯಾನಿಮೀಡ್. ಉಳಿದದ್ದು ಯುರೋಪಾ.

ಈಗ ಸಾಫ್ಟ್‌ವೇರ್ ತೆರೆದು ಹೋಲಿಸಿ. ಅಯೋ ಒಂದು ಸುತ್ತು ಮುಗಿಸಲು ಸುಮಾರು 42 ಗಂಟೆ, ಯುರೋಪಾಗೆ 85, ಗ್ಯಾನಿಮೀಡಿಗೆ 172. ಒಂದರ ಎರಡರಷ್ಟು ಇನ್ನೊಂದು. ಈ ಒಂದು, ಎರಡು, ನಾಲ್ಕರ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದಿಡಿ.

ಹಂತ 3: ಟೆಲಿಸ್ಕೋಪ್, ಬೇಕಾದರೆ ಮಾತ್ರ

70 ಅಥವಾ 80 ಮಿ.ಮೀ. ಗಾಜಿನ ಚಿಕ್ಕ ಟೆಲಿಸ್ಕೋಪಿನಲ್ಲೇ ಗುರುವಿನ ಎರಡು ಕಂದು ಪಟ್ಟೆ ಕಾಣುತ್ತವೆ. ಡಬ್ಬದ ಮೇಲೆ 500 ಪಟ್ಟು, 600 ಪಟ್ಟು ಅಂತ ಬರೆದಿದ್ದರೆ ನಂಬಬೇಡಿ. ಗಾಜಿನ ಅಗಲ ಎಷ್ಟು ಮಿಲಿಮೀಟರೋ ಅದರ ಎರಡರಷ್ಟೇ ಮಿತಿ. 80 ಮಿ.ಮೀ.ಗೆ 160 ಪಟ್ಟು, ಅಷ್ಟೇ. ಟೆಲಿಸ್ಕೋಪನ್ನು ಅರ್ಧ ಗಂಟೆ ಮುಂಚೆ ಹೊರಗಿಡಿ, ಒಳಗಿನ ಬಿಸಿ ಗಾಳಿ ಆರಬೇಕು. ಆಮೇಲೆ ಸುಮ್ನೆ ನೋಡುತ್ತಾ ಕೂತುಕೊಳ್ಳಿ. ಗಾಳಿ ಒಂದು ಕ್ಷಣ ಸ್ಥಿರವಾದಾಗ ಪಟ್ಟೆಯ ಅಂಚು ಥಟ್ಟನೆ ಸ್ಪಷ್ಟವಾಗುತ್ತದೆ, ಮತ್ತೆ ಕಲಕಿಹೋಗುತ್ತದೆ. ಆ ಕ್ಷಣಕ್ಕಾಗಿಯೇ ಕೂರುವುದು.

ಫೋಟೊ ತೆಗೆಯುವವರೂ ಇದೇ ಉಪಾಯ ಮಾಡುತ್ತಾರೆ. ಒಂದು ಫೋಟೊ ಅಲ್ಲ, ವಿಡಿಯೊ ತೆಗೆದು, ಸಾವಿರಾರು ಫ್ರೇಮುಗಳಲ್ಲಿ ಸ್ಪಷ್ಟವಾಗಿರುವುದನ್ನು ಮಾತ್ರ ಆರಿಸಿ ಒಂದರ ಮೇಲೊಂದು ಪೇರಿಸುತ್ತಾರೆ. ಆಟೋಸ್ಟ್ಯಾಕರ್ಟ್ ಅನ್ನುವ ಉಚಿತ ಸಾಫ್ಟ್‌ವೇರ್ ಈ ಕೆಲಸ ಮಾಡುತ್ತದೆ. ವಿಡಿಯೊ ಎರಡು ಮೂರು ನಿಮಿಷ ದಾಟದಿರಲಿ. ಗುರು 10 ಗಂಟೆಯೊಳಗೆ ಒಂದು ಸುತ್ತು ತಿರುಗಿಬಿಡುವುದರಿಂದ ಜಾಸ್ತಿ ಹೊತ್ತಾದರೆ ಚಿತ್ರ ಅಳಿಸಿದ ಹಾಗಾಗುತ್ತದೆ. 2009ರ ಜುಲೈ 19ರಂದು ಆಸ್ಟ್ರೇಲಿಯಾದ ಹವ್ಯಾಸಿ ಆಂಥನಿ ವೆಸ್ಲಿ ಹೀಗೆ ಗುರುವಿನ ಚಿತ್ರ ತೆಗೆಯುತ್ತಿದ್ದಾಗ ದಕ್ಷಿಣ ಧ್ರುವದ ಹತ್ತಿರ ಹೊಸದೊಂದು ಕಪ್ಪು ಕಲೆ ಕಂಡರು. ಯಾವುದೋ ಆಕಾಶಕಾಯ ಗುರುವಿಗೆ ಬಡಿದಿತ್ತು. ಮೊದಲು ಕಂಡದ್ದು ದೊಡ್ಡ ವೀಕ್ಷಣಾಲಯಕ್ಕಲ್ಲ, ಅವರಿಗೆ.

ಹಂತ 4: ನೌಕೆಯ ಕಚ್ಚಾ ಚಿತ್ರಕ್ಕೆ ನೀವೇ ಬಣ್ಣ ಕೊಡಿ

ನನಗೆ ತುಂಬ ಇಷ್ಟವಾದ ಹಂತ ಇದು. ಪತ್ರಿಕೆಯಲ್ಲಿ ಬರುವ ಗುರುವಿನ ಬಣ್ಣದ ಚಿತ್ರ ನೌಕೆಯಿಂದ ಹಾಗೇ ಬಂದದ್ದಲ್ಲ. ಹೆಚ್ಚಿನ ನೌಕೆಗಳ ಕ್ಯಾಮೆರಾ ಕಪ್ಪು ಬಿಳುಪು. ಮುಂದೆ ಕೆಂಪು, ಹಸಿರು, ನೀಲಿ ಫಿಲ್ಟರ್ ಒಂದೊಂದಾಗಿ ಇಟ್ಟು ಮೂರು ಚಿತ್ರ ತೆಗೆಯುತ್ತದೆ. ಅವನ್ನು ಸೇರಿಸುವ ಕೆಲಸ ಭೂಮಿಯಲ್ಲಿ ಆಗುತ್ತದೆ. ಆ ಕಚ್ಚಾ ಚಿತ್ರಗಳು ನಾಸಾದ ಗ್ರಹಚಿತ್ರಗಳ ಸಂಗ್ರಹವಾದ ಪ್ಲಾನೆಟರಿ ಡೇಟಾ ಸಿಸ್ಟಮ್‌ನಲ್ಲಿ ಎಲ್ಲರಿಗೂ ಉಚಿತ.

ಶುರುವಿಗೆ ಕ್ಯಾಸಿನಿ ನೌಕೆ ಒಳ್ಳೆಯದು. ಅದು ಹೊರಟಿದ್ದು ಶನಿಗೆ, ಆದರೆ ದಾರಿಯಲ್ಲಿ 2000ದ ಡಿಸೆಂಬರ್ 30ರಂದು ಗುರುವನ್ನು ಹಾದುಹೋಯಿತು. ಅದೇ ಸಂಗ್ರಹದ ಓಪಸ್ ಅನ್ನುವ ಹುಡುಕು ಪುಟ ತೆರೆಯಿರಿ. ನೌಕೆ ಕ್ಯಾಸಿನಿ, ಗುರಿ ಗುರು ಗ್ರಹ ಅಂತ ಆರಿಸಿ, ಚಿತ್ರಗಳನ್ನು ಸಮಯದ ಕ್ರಮದಲ್ಲಿ ಜೋಡಿಸಿ. ಕೆಲವೇ ನಿಮಿಷದ ಅಂತರದಲ್ಲಿ ತೆಗೆದ, ಕೆಂಪು ಒಂದು, ಹಸಿರು ಒಂದು, ನೀಲಿ ಒಂದು, ಹೀಗೆ ಮೂರು ಸಿಗುವ ತನಕ ಹುಡುಕಿ. ಸಮಯದ ಅಂತರ ಮುಖ್ಯ. ಗುರು ಹತ್ತು ನಿಮಿಷಕ್ಕೆ 6 ಡಿಗ್ರಿ ತಿರುಗುತ್ತದೆ, ಆಗ ಮೋಡಗಳು ಒಂದಕ್ಕೊಂದು ಹೊಂದುವುದಿಲ್ಲ.

ಮೂರೂ ಸಿಕ್ಕಿದ ಮೇಲೆ ಗಿಂಪ್ ಅನ್ನುವ ಚಿತ್ರ ತಿದ್ದುವ ಉಚಿತ ಸಾಫ್ಟ್‌ವೇರ್ ತೆರೆಯಿರಿ. ಮೂರನ್ನೂ ಒಂದೇ ಕಡತದಲ್ಲಿ ಲೇಯರ್‌ಗಳಾಗಿ ತನ್ನಿ. ಮೇಲಿನ ಲೇಯರನ್ನು ಅರ್ಧ ಪಾರದರ್ಶಕ ಮಾಡಿ, ಗ್ರಹದ ಅಂಚು ಕೆಳಗಿನದರ ಅಂಚಿಗೆ ಕೂರುವ ತನಕ ಸರಿಸಿ. ಮೂರೂ ಕೂತ ಮೇಲೆ ಮತ್ತೆ ಪೂರ್ತಿ ಗಾಢ ಮಾಡಿ, ಕಲರ್ಸ್ ಮೆನುವಿನ ಕಾಂಪೊನೆಂಟ್ಸ್ ಒಳಗಿರುವ ಕಂಪೋಸ್ ಒತ್ತಿ, ಆರ್‌ಜಿಬಿ ಆರಿಸಿ, ಕೆಂಪಿನ ಜಾಗಕ್ಕೆ ಕೆಂಪು ಫಿಲ್ಟರಿನ ಚಿತ್ರ, ಹಸಿರಿಗೆ ಹಸಿರು, ನೀಲಿಗೆ ನೀಲಿ ಕೊಡಿ. ಬೂದು ಗ್ರಹಕ್ಕೆ ಒಮ್ಮೆಲೇ ಬಣ್ಣ ಬರುತ್ತದೆ! ಮೊದಲ ಸಲ ಅದು ಆದಾಗ ನಾನು ಎಷ್ಟೋ ಹೊತ್ತು ಪರದೆ ಬಿಟ್ಟು ಏಳಲಿಲ್ಲ.

ಬಣ್ಣ ಒಂದು ಕಡೆ ವಾಲಿರಬಹುದು. ಪ್ರತಿ ಫಿಲ್ಟರಿಗೂ ಕ್ಯಾಮೆರಾ ಬೇರೆ ಬೇರೆ ಹೊತ್ತು ಬೆಳಕು ಹಿಡಿದಿರುತ್ತದೆ, ಅದಕ್ಕೇ ಹೀಗೆ. ಅದೇ ಕಲರ್ಸ್ ಮೆನುವಿನ ಲೆವೆಲ್ಸ್‌ನಲ್ಲಿ ಮೂರು ಬಣ್ಣವನ್ನೂ ಬೇರೆ ಬೇರೆಯಾಗಿ ಸರಿಮಾಡಿ. ಚಿತ್ರದಲ್ಲಿ ಎಲ್ಲಾದರೂ ಕೆಂಪು, ಹಸಿರು, ನೀಲಿ ಚುಕ್ಕೆ ಸಾಲಾಗಿ ಕಂಡರೆ ಅದು ಬಹುಶಃ ಉಪಗ್ರಹ, ಮೂರು ಚಿತ್ರದ ನಡುವೆ ಅದು ಮುಂದೆ ಹೋಗಿರುತ್ತದೆ. ಬಿಳಿ ಚುಕ್ಕೆ, ಸಣ್ಣ ಗೀರು ಕಂಡರೆ ಕಾಸ್ಮಿಕ್ ಕಿರಣ ಸೆನ್ಸರಿಗೆ ಬಡಿದ ಗುರುತು. ವಾಯೇಜರ್ ನೌಕೆಗಳ ಚಿತ್ರಗಳಲ್ಲಿ ಸಾಲುಸಾಲಾಗಿ ಕಪ್ಪು ಚುಕ್ಕೆಗಳಿರುತ್ತವೆ. ಹೊಸಬರು ಗಾಬರಿಯಾಗುತ್ತಾರೆ, ಆದರೆ ಅವು ಚಿತ್ರದ ಅಳತೆ ಸರಿಯಿದೆಯೇ ಅಂತ ನೋಡಲು ಕ್ಯಾಮೆರಾದೊಳಗೇ ಹಾಕಿದ ಗುರುತುಗಳು. ಶಾರ್ಪನ್ ಮಾಡುವುದನ್ನು ಮಿತಿಯಲ್ಲಿಡಿ. ಅತಿಯಾದರೆ ಇಲ್ಲದ ಗೆರೆಗಳು ಹುಟ್ಟುತ್ತವೆ, ಅದು ಸುಳ್ಳು ಚಿತ್ರ. ಮೂಲ ಕಡತಗಳನ್ನು ಬೇರೆ ಕಡೆ ಇಟ್ಟುಕೊಳ್ಳಿ, ಯಾವ ನೌಕೆ, ಯಾವ ದಿನ, ಯಾವ ಫಿಲ್ಟರ್ ಅಂತ ಚಿತ್ರದ ಕೆಳಗೆ ಬರೆಯಿರಿ.

ಇನ್ನೊಂದು ಅಭ್ಯಾಸ ಮಾಡಿಕೊಳ್ಳಿ. ಚಿತ್ರ ಚೆಂದ ಮಾಡುವ ಮುಂಚೆ ಒಮ್ಮೆ ಅದರ ಕತ್ತಲ ಭಾಗದ ಬೆಳಕನ್ನು ಪೂರ್ತಿ ಹೆಚ್ಚಿಸಿ ನೋಡಿ. 1979ರ ಮಾರ್ಚ್‌ನಲ್ಲಿ ವಾಯೇಜರ್ 1ರ ದಾರಿ ಲೆಕ್ಕ ಹಾಕುತ್ತಿದ್ದ ಲಿಂಡಾ ಮೊರಬಿಟೊ, ಹಿನ್ನೆಲೆಯ ಮಂಕು ನಕ್ಷತ್ರ ಹುಡುಕಲು ಅಯೋ ಚಿತ್ರದ ಬೆಳಕು ಹೆಚ್ಚಿಸಿದರು. ಅಯೋ ಅಂಚಿನಾಚೆ ಕೊಡೆಯ ಹಾಗೆ ಏನೋ ಎದ್ದಿತ್ತು. ಅದು ಜ್ವಾಲಾಮುಖಿಯ ಚಿಮ್ಮು, ಸುಮಾರು 300 ಕಿ.ಮೀ. ಎತ್ತರ. ಭೂಮಿಯ ಆಚೆ ಜೀವಂತ ಜ್ವಾಲಾಮುಖಿ ಸಿಕ್ಕಿದ್ದು ಅದೇ ಮೊದಲು. ನಿಮ್ಮ ಬೈನಾಕ್ಯುಲರಿನಲ್ಲಿ ಗುರುವಿಗೆ ಅಂಟಿಕೊಂಡಿತ್ತಲ್ಲ, ಅದೇ ಚುಕ್ಕೆ.

ಹವ್ಯಾಸಿಗಳ ಕೆಲಸ ಬರೀ ಚೆಂದಕ್ಕಲ್ಲ ಅನ್ನುವುದಕ್ಕೆ ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ಸಾಕ್ಷಿ. 2019ರಲ್ಲಿ ಅವರು ನಾಸಾದ ಚಂದ್ರ ಪರಿಭ್ರಮಣ ನೌಕೆಯ ಹಳೆಯ ಮತ್ತು ಹೊಸ ಚಿತ್ರ ಪಕ್ಕಪಕ್ಕ ಇಟ್ಟು ಹುಡುಕಿ, ಚಂದ್ರನಿಗೆ ಅಪ್ಪಳಿಸಿದ್ದ ಚಂದ್ರಯಾನ-2ರ ವಿಕ್ರಮ್ ಲ್ಯಾಂಡರಿನ ಚೂರೊಂದನ್ನು ಗುರುತಿಸಿದರು. ನಾಸಾ ಅದನ್ನು ಒಪ್ಪಿ ಅವರ ಹೆಸರು ಹೇಳಿತು. ಕೈ ಪಳಗಿದ ಮೇಲೆ ಗುರುವಿನ ಕಕ್ಷೆ ಸೇರಿದ ಜುನೋ ನೌಕೆಯ ಚಿತ್ರಗಳಿಗೆ ಹೋಗಿ. ಅದರ ಕ್ಯಾಮೆರಾ ಜುನೋಕ್ಯಾಮ್ ಅನ್ನು ಜನರಿಗಾಗಿಯೇ ಹಾಕಿದ್ದು, ಕಚ್ಚಾ ಚಿತ್ರ ಎಲ್ಲರಿಗೂ ಸಿಗುತ್ತದೆ. ಕಷ್ಟ ಏನೆಂದರೆ ನೌಕೆ ನಿಮಿಷಕ್ಕೆ ಎರಡು ಸುತ್ತು ತಿರುಗುತ್ತಾ ಚಿತ್ರ ತೆಗೆಯುತ್ತದೆ, ಹಾಗಾಗಿ ಅದು ಪಟ್ಟಿ ಪಟ್ಟಿಯಾಗಿ ಬರುತ್ತದೆ. ಜೆರಾಲ್ಡ್ ಐಕ್‌ಸ್ಟೆಟ್, ಶಾನ್ ಡೋರನ್ ಮುಂತಾದವರು ಅದನ್ನು ಹೊಲಿದು ಮಾಡಿದ ಚಿತ್ರಗಳನ್ನು ನಾಸಾ ಅವರ ಹೆಸರಿನಲ್ಲೇ ಪ್ರಕಟಿಸಿದೆ.

ಹಂತ 5: ಹಾರಿಸಿ, ಆದರೆ ನೇರ ಮೇಲಕ್ಕಲ್ಲ

ಎರಡು ಸಿಮ್ಯುಲೇಟರ್ ಹೇಳುತ್ತೇನೆ. ಆರ್ಬಿಟರ್ ಉಚಿತ, 2000ದಿಂದ ಇದೆ, ನಿಜವಾದ ಸೌರಮಂಡಲ, ನಿಜವಾದ ಅಳತೆ, ಕಲಿಯಲು ಕಷ್ಟ. ಕರ್ಬಲ್ ಸ್ಪೇಸ್ ಪ್ರೋಗ್ರಾಮ್ ದುಡ್ಡು ಕೊಟ್ಟು ತೆಗೆದುಕೊಳ್ಳುವ ಆಟ, ಅದರ ಗ್ರಹಗಳು ಕಲ್ಪನೆಯವು, ಅಳತೆ ಚಿಕ್ಕದು, ಆದರೆ ಕಕ್ಷೆಯ ನಿಯಮ ಕೈಗೆ ಹತ್ತುವುದು ಅಲ್ಲೇ. ಅದರಿಂದಲೇ ಶುರು ಮಾಡಿ.

ಹೊಸಬರೆಲ್ಲ ರಾಕೆಟನ್ನು ನೇರ ಮೇಲಕ್ಕೆ ಹೊಡೆಯುತ್ತಾರೆ, ಅದು ಮೇಲೆ ಹೋಗಿ ಹಾಗೇ ಕೆಳಗೆ ಬೀಳುತ್ತದೆ. ಕಕ್ಷೆ ಅಂದರೆ ಎತ್ತರ ಅಲ್ಲ, ಅಡ್ಡ ವೇಗ. ಆಟದ ಕರ್ಬಿನ್ ಗ್ರಹದಲ್ಲಿ ಸೆಕೆಂಡಿಗೆ ಸುಮಾರು 2.3 ಕಿ.ಮೀ. ಬೇಕು, ನಮ್ಮ ಭೂಮಿಯಲ್ಲಿ 7.8. ಹೊರಟ ಸ್ವಲ್ಪ ಹೊತ್ತಿಗೇ ಪೂರ್ವಕ್ಕೆ ವಾಲಿಸಲು ಶುರು ಮಾಡಿ, 10 ಕಿ.ಮೀ. ಎತ್ತರಕ್ಕೆ ರಾಕೆಟ್ 45 ಡಿಗ್ರಿ ಓರೆಯಾಗಿರಲಿ. ದಾರಿಯ ಅತಿ ಎತ್ತರದ ಬಿಂದು 80 ಕಿ.ಮೀ. ತೋರಿಸಿದಾಗ ಎಂಜಿನ್ ನಿಲ್ಲಿಸಿ. ಆ ಬಿಂದು ತಲುಪುವಾಗ ಅಡ್ಡಕ್ಕೆ ಉರಿಸಿ, ಅತಿ ಕೆಳಗಿನ ಬಿಂದು ವಾತಾವರಣದ ಅಂಚಾದ 70 ಕಿ.ಮೀ. ದಾಟುವ ತನಕ. ಅಷ್ಟಾದರೆ ಕಕ್ಷೆ ಸೇರಿದಿರಿ.

ಆಮೇಲೆ ಇನ್ನೊಂದು ನೌಕೆಯನ್ನು ಹಿಡಿಯಲು ನೋಡಿ. ಮುಂದೆ ಕಾಣುತ್ತಿದೆ ಅಂತ ಅದರತ್ತ ಎಂಜಿನ್ ಉರಿಸಿದರೆ ಅದು ಇನ್ನೂ ದೂರ ಹೋಗುತ್ತದೆ. ವೇಗ ಹೆಚ್ಚಿಸಿದರೆ ನಿಮ್ಮ ಕಕ್ಷೆ ದೊಡ್ಡದಾಗಿ, ಸುತ್ತು ಮುಗಿಸಲು ಜಾಸ್ತಿ ಹೊತ್ತು ಹಿಡಿಯುತ್ತದೆ. 1965ರ ಜೂನ್‌ನಲ್ಲಿ ಅಮೆರಿಕದ ಜೆಮಿನಿ 4 ನೌಕೆಯ ಗಗನಯಾತ್ರಿ ಜೇಮ್ಸ್ ಮ್ಯಾಕ್‌ಡಿವಿಟ್ ತಮ್ಮದೇ ರಾಕೆಟಿನ ಮೇಲಿನ ಹಂತವನ್ನು ಸೇರಲು ಹೋಗಿ ಇದೇ ತೊಡಕಿಗೆ ಸಿಕ್ಕಿದರು. ಮುಂದಿರುವುದನ್ನು ಹಿಡಿಯಲು ಮೊದಲು ಸ್ವಲ್ಪ ನಿಧಾನವಾಗಬೇಕು. ಆಗ ಕಕ್ಷೆ ಚಿಕ್ಕದಾಗಿ, ಬೇಗ ಸುತ್ತಿ ಬರುತ್ತೀರಿ. ಓದಿದರೆ ವಿಚಿತ್ರ ಅನ್ನಿಸುತ್ತದೆ ಅಲ್ವಾ? ಹತ್ತು ಸಲ ಮಾಡಿದರೆ ಕೈಗೇ ಗೊತ್ತಾಗುತ್ತದೆ.

ಹಂತ 6: ನೋಟ್‌ಬುಕ್ ತೆಗೆಯಿರಿ

ಆಟದಲ್ಲಿ ಗುರುವಿನ ಬದಲು ಜೂಲ್ ಅನ್ನುವ ಹಸಿರು ಗ್ರಹ ಇದೆ. ಅದು ಕರ್ಬಿನ್‌ಗಿಂತ ಸುಮಾರು 97 ಡಿಗ್ರಿ (ಆಟದ ಸೂರ್ಯನಿಂದ ನೋಡಿದ ಕೋನ) ಮುಂದಿರುವಾಗ ಹೊರಡಿ. ಗುರಿ ಇರುವ ಕಡೆಗಲ್ಲ, ನೀವು ತಲುಪುವ ಹೊತ್ತಿಗೆ ಅದು ಎಲ್ಲಿರುತ್ತದೋ ಅಲ್ಲಿಗೆ ಹೋಗುವುದು. ಜೂಲ್ ಸುತ್ತ ಐದು ಉಪಗ್ರಹ, ಒಳಗಿನ ಮೂರು ಲೇಥ್, ವಾಲ್, ಟೈಲೊ. ನಕ್ಷೆ ತೆರೆದು ಈ ಮೂರರ ಸುತ್ತಿನ ಸಮಯ ಬರೆದುಕೊಳ್ಳಿ, ನೋಟ್‌ಬುಕ್ಕಿನ ಪಕ್ಕ ಇಡಿ. ಒಂದು, ಎರಡು, ನಾಲ್ಕು. ನೀವು ಹತ್ತು ರಾತ್ರಿ ಕಂಡ ಲೆಕ್ಕವನ್ನೇ ಆಟ ಮಾಡಿದವರು ಅಲ್ಲಿ ಇಟ್ಟಿದ್ದಾರೆ.

ಜೂಲ್ ಹತ್ತಿರ ಬಂದಾಗ ವೇಗ ಜಾಸ್ತಿ ಇರುತ್ತದೆ, ಇಂಧನ ಕಡಿಮೆ. ನಿಲ್ಲಿಸಲು ಟೈಲೊ ಸಹಾಯ ಪಡೆಯಿರಿ. ಅದು ಚಲಿಸುತ್ತಿರುವ ದಿಕ್ಕಿನಲ್ಲಿ ಅದರ ಮುಂದಿನಿಂದ ಹಾದುಹೋದರೆ ನಿಮ್ಮ ವೇಗ ಇಳಿಯುತ್ತದೆ, ಹಿಂದಿನಿಂದ ಹೋದರೆ ಏರುತ್ತದೆ. 1995ರ ಡಿಸೆಂಬರ್ 7ರಂದು ಗೆಲಿಲಿಯೊ ನೌಕೆ ಗುರುವಿನ ಕಕ್ಷೆ ಸೇರುವ ಮುಂಚೆ ಅಯೋ ಪಕ್ಕದಲ್ಲಿ ಹಾದು ಹೀಗೇ ವೇಗ ಕಳೆದುಕೊಂಡಿತು. 2031ರಲ್ಲಿ ತಲುಪಬೇಕಿರುವ ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಜ್ಯೂಸ್ ನೌಕೆ ಇದಕ್ಕೆ ಗ್ಯಾನಿಮೀಡನ್ನು ಬಳಸಲಿದೆ, ಶನಿವಾರದಿಂದ ಶನಿವಾರಕ್ಕೆ ಬಂದು ನಿಲ್ಲುವ ಆ ಚುಕ್ಕೆಯನ್ನು.