ದುಬೈಗೆ ಹೊಸದಾಗಿ ಬಂದ ಕುಟುಂಬಗಳಿಗೆ: ಮನೆ ಖರ್ಚು ಮತ್ತು ಉಳಿತಾಯದ ಲೆಕ್ಕ

ದುಬೈನಲ್ಲಿ ಮೊದಲ ಸಂಬಳ ಬಂದಾಗ ಬಹುತೇಕ ಎಲ್ಲರೂ ಅದನ್ನು ರೂಪಾಯಿಗೆ ಗುಣಿಸಿ ನೋಡುತ್ತಾರೆ. 15,000 ದಿರ್ಹಮ್ ಅಂದರೆ ಮೂರು ಲಕ್ಷಕ್ಕೂ ಮೇಲೆ, ಅದರಲ್ಲಿ ಆದಾಯ ತೆರಿಗೆ ಕಡಿತವೂ ಇಲ್ಲ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇದ್ದಾಗಿನ ಸಂಬಳದ ಪಕ್ಕ ಇಟ್ಟರೆ ದೊಡ್ಡ ಮೊತ್ತವೇ. ಆದರೆ ಬಾಡಿಗೆ, ಶಾಲೆ, ಕರೆಂಟು ಎಲ್ಲಕ್ಕೂ ಇಲ್ಲಿ ಕೊಡಬೇಕಾದದ್ದು ದಿರ್ಹಮನ್ನೇ. ಊರಿಗೆ ಕಳಿಸುವ ಹಣಕ್ಕೆ ಮಾತ್ರ ರೂಪಾಯಿ ಲೆಕ್ಕ ಇಟ್ಟುಕೊಳ್ಳಿ. ಉಳಿದದ್ದಕ್ಕೆಲ್ಲ ದಿರ್ಹಮ್ ಲೆಕ್ಕವೇ ಸರಿ.

ಇಲ್ಲಿನ ಬಜೆಟ್ ಎಡವುವುದು ದಿನಸಿಯಲ್ಲಿ ಅಲ್ಲ, ಚೆಕ್‌ನಲ್ಲಿ. ಊರಲ್ಲಿ ಬಾಡಿಗೆ ತಿಂಗಳು ತಿಂಗಳು ಕೊಟ್ಟು ರೂಢಿ. ಇಲ್ಲಿ ವರ್ಷದ ಬಾಡಿಗೆಯನ್ನು ಒಂದು, ಎರಡು ಅಥವಾ ನಾಲ್ಕು ಚೆಕ್‌ಗಳಲ್ಲಿ ಕೇಳುವುದು ಸಾಮಾನ್ಯ. ಮುಂದಿನ ತಾರೀಕು ಹಾಕಿದ ಚೆಕ್‌ಗಳನ್ನೆಲ್ಲ ಮೊದಲ ದಿನವೇ ಬರೆದುಕೊಡಬೇಕು. ಶಾಲೆಯ ಫೀಸು ಟರ್ಮ್ ಲೆಕ್ಕದಲ್ಲಿ ಬರುತ್ತದೆ. ಕಾರಿನ ಇನ್ಶೂರೆನ್ಸ್ ಮತ್ತು ನೋಂದಣಿ ವರ್ಷಕ್ಕೊಮ್ಮೆ. ಬೇಸಿಗೆ ರಜೆಗೆ ಊರಿಗೆ ಹೋಗುವ ಟಿಕೆಟ್ಟೂ ವರ್ಷಕ್ಕೊಮ್ಮೆ, ಅದೂ ದರ ಜಾಸ್ತಿ ಇರುವ ಸಮಯದಲ್ಲೇ. ಚೆಕ್ ಇಲ್ಲದ ತಿಂಗಳಲ್ಲಿ ಖಾತೆ ತುಂಬಿದ ಹಾಗೆ ಕಾಣುತ್ತದೆ. ಆಗ ಸೋಫಾ ಬರುತ್ತದೆ, ಫೋನ್ ಬರುತ್ತದೆ. ಮುಂದಿನ ತಿಂಗಳು ಚೆಕ್ ಬರುತ್ತದೆ.

ಆದ್ದರಿಂದ ಮೊದಲ ಕೆಲಸ, ವರ್ಷದ ಖರ್ಚುಗಳನ್ನೆಲ್ಲ ಹನ್ನೆರಡರಿಂದ ಭಾಗಿಸುವುದು. ಗಂಡ, ಹೆಂಡತಿ, ಶಾಲೆಗೆ ಹೋಗುವ ಒಂದು ಮಗು ಇರುವ ಮನೆ ಅಂದುಕೊಳ್ಳಿ. ಸಂಬಳ 15,000 ದಿರ್ಹಮ್. ಇಲ್ಲಿರುವ ಅಂಕಿಗಳು ಬರೀ ಉದಾಹರಣೆಗೆ, ನಿಮ್ಮ ಮನೆಯ ಅಂಕಿಗಳನ್ನು ನೀವೇ ಹಾಕಿಕೊಳ್ಳಿ. ವರ್ಷದ ಬಾಡಿಗೆ 60,000 ಆದರೆ ತಿಂಗಳಿಗೆ 5,000. ಶಾಲೆಗೆ ವರ್ಷಕ್ಕೆ 15,000 ಆದರೆ ತಿಂಗಳಿಗೆ 1,250. ಮೂವರ ಟಿಕೆಟ್ 4,800, ಅಂದರೆ 400. ಹೆಂಡತಿ ಮಗುವಿನ ಆರೋಗ್ಯ ವಿಮೆ 3,600, ಅಂದರೆ 300. ಕಾರಿಗೆ 2,400, ಅಂದರೆ 200. ಎಲ್ಲ ಸೇರಿ 7,150. ಇಷ್ಟನ್ನು ಸಂಬಳ ಬಂದ ದಿನವೇ ಬೇರೆ ಖಾತೆಗೆ ಹಾಕಿಬಿಡಿ. ಆ ಖಾತೆಯ ಡೆಬಿಟ್ ಕಾರ್ಡ್ ಪರ್ಸಿನಲ್ಲಿ ಇರದಿದ್ದರೆ ಇನ್ನೂ ಒಳ್ಳೆಯದು. ನಿಮ್ಮ ನಿಜವಾದ ತಿಂಗಳ ಸಂಬಳ ಉಳಿದ 7,850 ಮಾತ್ರ. ಕರೆಂಟು, ದಿನಸಿ, ಪೆಟ್ರೋಲು, ಊರಿಗೆ ಕಳಿಸುವುದು, ಉಳಿತಾಯ ಎಲ್ಲವೂ ಅದರಲ್ಲೇ ಆಗಬೇಕು.

ಚೆಕ್ ಬೌನ್ಸ್ ಆಗದ ಹಾಗೆ ನೋಡಿಕೊಳ್ಳಿ. ಖಾತೆಯಲ್ಲಿ ಹಣ ಇಲ್ಲದ ಕಾರಣಕ್ಕೆ ಚೆಕ್ ವಾಪಸಾದರೆ ಜೈಲು ಎಂಬ ಹಳೆಯ ಸ್ಥಿತಿ 2022ರ ಜನವರಿಯಿಂದ ಬಹುಮಟ್ಟಿಗೆ ಬದಲಾಗಿದೆ. ಆದರೂ ಆ ಚೆಕ್ ಹಿಡಿದು ಮನೆ ಮಾಲೀಕರು ನೇರವಾಗಿ ವಸೂಲಿಗೆ ಕೋರ್ಟಿಗೆ ಹೋಗಬಹುದು. ಜನರ ಸಾಲದ ಇತಿಹಾಸ ಇಡುವ ಅಲ್ ಇತ್ತಿಹಾದ್ ಕ್ರೆಡಿಟ್ ಬ್ಯೂರೋ ದಾಖಲೆಯಲ್ಲೂ ಅದು ಸೇರುತ್ತದೆ. ಒಂದು ಹಾಳೆಯಲ್ಲಿ ಚೆಕ್ ನಂಬರು, ತಾರೀಕು, ಮೊತ್ತ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಗಂಡ ಹೆಂಡತಿ ಇಬ್ಬರ ಕಣ್ಣಿಗೂ ಬೀಳಬೇಕು.

ಮನೆ ಹಿಡಿಯುವ ತಿಂಗಳು

ಕುಟುಂಬವನ್ನು ಕರೆಸುವ ಮೊದಲು ಕೈಯಲ್ಲಿ ಎಷ್ಟಿರಬೇಕು ಅಂತ ನಮ್ಮನ್ನು ತುಂಬಾ ಜನ ಕೇಳುತ್ತಾರೆ. ಅದೇ 60,000ದ ಮನೆಯನ್ನೇ ನೋಡೋಣ. ಪೀಠೋಪಕರಣ ಇಲ್ಲದ ಮನೆಗೆ ಡೆಪಾಸಿಟ್ ಸಾಮಾನ್ಯವಾಗಿ ಬಾಡಿಗೆಯ ಶೇ. 5, ಅಂದರೆ 3,000. ಏಜೆಂಟರ ಕಮಿಷನ್ ಸಾಮಾನ್ಯವಾಗಿ ಇನ್ನೊಂದು ಶೇ. 5, ಮತ್ತೆ 3,000, ಅದರ ಮೇಲೆ ವ್ಯಾಟ್. ಕರೆಂಟು ಮತ್ತು ನೀರಿನ ಸಂಪರ್ಕಕ್ಕೆ ದೇವಾದವರು (ದುಬೈನ ವಿದ್ಯುತ್ ಮತ್ತು ನೀರಿನ ಸಂಸ್ಥೆ) ಫ್ಲಾಟ್‌ಗೆ 2,000 ಡೆಪಾಸಿಟ್ ಕೇಳುತ್ತಾರೆ. ನಾಲ್ಕು ಚೆಕ್ ಆದರೆ ಮೊದಲ ಚೆಕ್ 15,000. ಇಲ್ಲಿಗೇ 23,000 ದಿರ್ಹಮ್ ಆಯಿತು. ಬಾಡಿಗೆ ಕರಾರಿನ ಸರ್ಕಾರಿ ನೋಂದಣಿ (ಇಜಾರಿ), ಮಂಚ, ಗ್ಯಾಸು, ವಾಷಿಂಗ್ ಮಷೀನು, ಕುಟುಂಬದ ವೀಸಾ ಖರ್ಚು ಇದರಲ್ಲಿ ಸೇರಿಲ್ಲ. ಇದನ್ನು ಕ್ರೆಡಿಟ್ ಕಾರ್ಡಿನಲ್ಲೋ ಬ್ಯಾಂಕ್ ಸಾಲದಲ್ಲೋ ಮಾಡುವುದಕ್ಕಿಂತ ಎರಡು ಮೂರು ತಿಂಗಳು ತಡವಾಗಿ ಕುಟುಂಬ ಕರೆಸುವುದು ಮೇಲು. ಹೇಳುವುದಕ್ಕೆ ಕಷ್ಟವಾದ ಮಾತು, ಆದರೂ ಹೇಳುತ್ತೇವೆ. ಸಾಲದಿಂದ ಶುರುವಾದ ಸಂಸಾರ ಸುಧಾರಿಸಿಕೊಳ್ಳಲು ವರ್ಷಗಟ್ಟಲೆ ಬೇಕಾಗುತ್ತದೆ.

ದೇವಾ ಬಿಲ್ ಮೊದಲ ಸಲ ಕೈಗೆ ಬಂದಾಗ ಕೂತು ಪೂರ್ತಿ ಓದಿ. ಕರೆಂಟು, ನೀರು, ಒಳಚರಂಡಿ ಆದ ಮೇಲೆ ಹೌಸಿಂಗ್ ಫೀ ಅಂತ ಒಂದು ಸಾಲು ಇರುತ್ತದೆ. ಅದು ವರ್ಷದ ಬಾಡಿಗೆಯ ಶೇ. 5, ಹನ್ನೆರಡು ಕಂತಿನಲ್ಲಿ. 60,000ದ ಮನೆಗೆ ತಿಂಗಳಿಗೆ 250 ದಿರ್ಹಮ್. ಲೈಟ್ ಹಾಕದೆ ಕೂತರೂ ಇದು ಕಡಿಮೆಯಾಗುವುದಿಲ್ಲ. ಮನೆ ನೋಡಲು ಹೋದಾಗ ಏಸಿಯ ಬಗ್ಗೆಯೂ ಕೇಳಿ. ಕೆಲವು ಕಟ್ಟಡಗಳಲ್ಲಿ ಚಿಲ್ಲರ್, ಅಂದರೆ ಇಡೀ ಕಟ್ಟಡದ ಏಸಿ ವ್ಯವಸ್ಥೆಯ ಖರ್ಚು, ಬಾಡಿಗೆಯಲ್ಲೇ ಸೇರಿರುತ್ತದೆ, ಕೆಲವು ಕಡೆ ಬೇರೆ ಕಂಪನಿಯಿಂದ ಬೇರೆ ಬಿಲ್ ಬರುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇದರ ವ್ಯತ್ಯಾಸ ಚೆನ್ನಾಗಿಯೇ ಗೊತ್ತಾಗುತ್ತದೆ. ಬಾಡಿಗೆ ಸ್ವಲ್ಪ ಕಡಿಮೆ ಅಂತ ಹೋಗಿ ಚಿಲ್ಲರ್‌ಗೆ ಅಷ್ಟನ್ನೂ ಕಟ್ಟಿದರೆ ಏನು ಲಾಭ, ಅಲ್ವಾ?

ಶಾರ್ಜಾದಲ್ಲಿ ಮನೆ ಅಗ್ಗ, ನಿಜ. ದುಬೈ ಕೆಲಸಕ್ಕೆ ದಿನಾ ಕಾರಲ್ಲಿ ಬರುವುದಾದರೆ ಸಾಲಿಕ್ ಟೋಲನ್ನೂ ಸೇರಿಸಿಕೊಳ್ಳಿ. 2025ರ ಜನವರಿ ಕೊನೆಯಿಂದ ವಾರದ ದಿನಗಳ ದಟ್ಟಣೆಯ ಹೊತ್ತಿನಲ್ಲಿ ಒಂದು ಗೇಟಿಗೆ 6 ದಿರ್ಹಮ್. ಬೆಳಿಗ್ಗೆ ಒಂದು, ಸಂಜೆ ಒಂದು ದಾಟಿದರೂ 22 ದಿನಕ್ಕೆ 264 ಆಗುತ್ತದೆ. ಪೆಟ್ರೋಲು ಬೇರೆ, ಟ್ರಾಫಿಕ್‌ನಲ್ಲಿ ಕಳೆಯುವ ಹೊತ್ತು ಬೇರೆ.

ದಿನಸಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕರಾಮಾ, ಬರ್ ದುಬೈ ಕಡೆ ನಮ್ಮ ಸೋನಾ ಮಸೂರಿ, ರಾಗಿ ಹಿಟ್ಟು, ಬ್ಯಾಡಗಿ ಮೆಣಸಿನಕಾಯಿ ಸಿಗುತ್ತವೆ. ಮೀನಿಗೆ ದೇರಾದ ವಾಟರ್‌ಫ್ರಂಟ್ ಮಾರ್ಕೆಟ್ ಇದೆ. ಮೂರು ತಿಂಗಳು ಪ್ರತಿ ಖರ್ಚನ್ನೂ ಬರೆಯಿರಿ, ಪುಸ್ತಕದಲ್ಲಾದರೂ ಸರಿ, ಫೋನಿನಲ್ಲಾದರೂ ಸರಿ. ಆಮೇಲೆ ನಿಮ್ಮ ಮನೆಗೆ ಎಷ್ಟು ಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಆಗ ಪೈಸೆ ಪೈಸೆ ಬರೆಯುವುದನ್ನು ಬಿಟ್ಟರೂ ಪರವಾಗಿಲ್ಲ. ವರ್ಷದ ಖರ್ಚಿನ ಖಾತೆಯನ್ನು ಮಾತ್ರ ಬಿಡಬೇಡಿ.

ಇಲ್ಲಿ ಪಿಎಫ್ ಇಲ್ಲ

ಊರಲ್ಲಿ ಪಿಎಫ್ ಸುಮ್ನೆ ಕೂಡುತ್ತಾ ಹೋಗುತ್ತಿತ್ತು. ಇಲ್ಲಿ ಸಾಮಾನ್ಯವಾಗಿ ಸಿಗುವುದು ಗ್ರಾಚುಯಿಟಿ. ಒಂದು ವರ್ಷ ಪೂರೈಸಿದ ಮೇಲೆ, ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನದ ಸಂಬಳ, ಆಮೇಲಿನ ಪ್ರತಿ ವರ್ಷಕ್ಕೆ 30 ದಿನದ ಸಂಬಳ. ಆದರೆ ಲೆಕ್ಕ ಹಾಕುವುದು ಮೂಲ ವೇತನದ ಮೇಲೆ ಮಾತ್ರ. 15,000ದಲ್ಲಿ ಮೂಲ ವೇತನ 6,000 ಆದರೆ ವರ್ಷಕ್ಕೆ 4,200, ಐದು ವರ್ಷಕ್ಕೆ 21,000. ಇದನ್ನು ನಂಬಿಕೊಂಡು ಊರಲ್ಲಿ ಮನೆ ಕಟ್ಟಲು ಆಗುವುದಿಲ್ಲ. ಕೆಲಸದ ಕರಾರಿಗೆ ಸಹಿ ಹಾಕುವಾಗಲೇ ಮೂಲ ವೇತನ ಎಷ್ಟು ಅಂತ ನೋಡಿಕೊಳ್ಳಿ.

ಕೆಲಸ ಹೋದರೆ ವೀಸಾವೂ ಹೋಗುತ್ತದೆ. ಹಾಗಾಗಿ ಊರಿಗೆ ಕಳಿಸುವುದಕ್ಕೆ ಮೊದಲು, ಮೂರು ತಿಂಗಳ ಖರ್ಚಿನಷ್ಟು ದಿರ್ಹಮ್ ಇಲ್ಲೇ ಇರಲಿ. ನಿರುದ್ಯೋಗ ವಿಮೆ 2023ರಿಂದ ಕಡ್ಡಾಯ. ಮೂಲ ವೇತನ 16,000ದ ಒಳಗಿದ್ದರೆ ತಿಂಗಳಿಗೆ 5 ದಿರ್ಹಮ್, ಮೇಲಿದ್ದರೆ 10. ಮಾಡಿಸದಿದ್ದರೆ 400 ದಿರ್ಹಮ್ ದಂಡ. ಕನಿಷ್ಠ 12 ತಿಂಗಳು ಬಿಡದೆ ಕಟ್ಟಿದ್ದವರಿಗೆ, ತಮ್ಮ ತಪ್ಪಿಲ್ಲದೆ ಕೆಲಸ ಹೋದರೆ, ಮೂಲ ವೇತನದ ಶೇ. 60ರಷ್ಟು ಗರಿಷ್ಠ ಮೂರು ತಿಂಗಳು ಸಿಗುತ್ತದೆ. ಮೊದಲ ವರ್ಷದಲ್ಲಿ ಇದು ಕೈಗೆ ಬರುವುದಿಲ್ಲ ಅನ್ನುವುದು ನೆನಪಿರಲಿ.

ಊರಿಗೆ ಹಣ ಕಳಿಸುವಾಗ

ದಿರ್ಹಮ್ ಡಾಲರಿಗೆ ಕಟ್ಟಿಕೊಂಡಿದೆ, 1997ರಿಂದ ಒಂದು ಡಾಲರಿಗೆ 3.6725. ಡಾಲರ್ ಎದುರು ರೂಪಾಯಿ ಇಳಿದಾಗಲೆಲ್ಲ ಎಕ್ಸ್‌ಚೇಂಜ್ ಮುಂದೆ ಸಾಲು ಬೆಳೆಯುತ್ತದೆ. ಕೈಯಲ್ಲಿ ಹಣ ಇದ್ದರೆ ಕಳಿಸಿ, ತಪ್ಪೇನಿಲ್ಲ. ರೇಟು ಚೆನ್ನಾಗಿದೆ ಅಂತ ಸಾಲ ಎತ್ತಿ ಕಳಿಸಬೇಡಿ. ರೇಟಿನಲ್ಲಿ ಸಿಗುವ ಲಾಭವನ್ನು ಬಡ್ಡಿ ಬೇಗ ತಿಂದುಹಾಕುತ್ತದೆ.

ಊರಿನ ನಿಮ್ಮ ಹಳೆಯ ಉಳಿತಾಯ ಖಾತೆಯನ್ನು ಹಾಗೇ ಬಿಡುವಂತಿಲ್ಲ. ಬ್ಯಾಂಕಿಗೆ ತಿಳಿಸಿ ಅದನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಿ. ಊರಿನ ಮನೆ ಬಾಡಿಗೆಯಂಥ ಆದಾಯ ಅದರಲ್ಲಿ ಇರಲಿ. ಇಲ್ಲಿನ ಸಂಬಳ ಕಳಿಸಲು ಎನ್‌ಆರ್‌ಇ ಖಾತೆ ತೆರೆಯಿರಿ. ಅನಿವಾಸಿಯಾಗಿರುವ ತನಕ ಅದರ ಬಡ್ಡಿಗೆ ಭಾರತದಲ್ಲಿ ಆದಾಯ ತೆರಿಗೆ ಇಲ್ಲ, ಬೇಕಾದಾಗ ಹಣವನ್ನು ವಾಪಸ್ ಇಲ್ಲಿಗೂ ತರಿಸಬಹುದು. ಹಳೆಯ ಪಿಪಿಎಫ್ ಖಾತೆ ಇದ್ದರೆ ಅವಧಿ ಮುಗಿಯುವ ತನಕ ಕಟ್ಟಬಹುದು, ಹೊಸದನ್ನು ತೆರೆಯುವಂತಿಲ್ಲ. ಮಗಳ ಹೆಸರಲ್ಲಿ ಸುಕನ್ಯಾ ಸಮೃದ್ಧಿ ಮಾಡಬೇಕು ಅಂದುಕೊಂಡು ಬಂದವರಿಗೂ ಅದೇ ಮಾತು, ಅನಿವಾಸಿಗಳಿಗೆ ಆ ಖಾತೆ ತೆರೆಯಲು ಬರುವುದಿಲ್ಲ.

ಬಾಡಿಗೆ ಕರಾರು ಮುಗಿಯುವ ತಾರೀಕನ್ನೂ ಫ್ರಿಜ್ ಮೇಲಿನ ಹಾಳೆಗೆ ಸೇರಿಸಿ, ಅದಕ್ಕಿಂತ 90 ದಿನ ಹಿಂದಿನ ತಾರೀಕನ್ನೂ ಬರೆಯಿರಿ. ದುಬೈನಲ್ಲಿ ಬಾಡಿಗೆ ಏರಿಸುವ ಮಾಲೀಕರು ಅಷ್ಟು ಮುಂಚೆ ತಿಳಿಸಬೇಕು. ಎಷ್ಟು ಏರಿಸಬಹುದು ಅನ್ನುವುದನ್ನು ದುಬೈ ಭೂ ಇಲಾಖೆಯ ಬಾಡಿಗೆ ಸೂಚ್ಯಂಕದಲ್ಲಿ ನಿಮ್ಮ ಕಟ್ಟಡದ ವಿವರ ಹಾಕಿ ನೋಡಬಹುದು. ಹೊಸ ಬಾಡಿಗೆ ಗೊತ್ತಾದ ದಿನವೇ ಮತ್ತೆ ಹನ್ನೆರಡರಿಂದ ಭಾಗಿಸಿ, ಮುಂದಿನ ಸಂಬಳದಿಂದ ಅಷ್ಟನ್ನು ಎತ್ತಿಡಲು ಶುರು ಮಾಡಿ.