ಮೂರು ತಲೆಮಾರಿನ ಮನೆಯಲ್ಲಿ ಲಾಕ್‌ಡೌನ್: ದಿನಚರಿ ಕಟ್ಟಿಕೊಳ್ಳುವ ಬಗೆ

2020ರ ಮಾರ್ಚ್ 25ರಂದು, ಯುಗಾದಿಯ ದಿನವೇ, ಕೊರೊನಾ ತಡೆಗಾಗಿ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ಮರುವರ್ಷ ಏಪ್ರಿಲ್ ಕೊನೆಯಲ್ಲಿ ನಮ್ಮ ರಾಜ್ಯ ಮತ್ತೆ ಬಾಗಿಲು ಹಾಕಿಕೊಂಡಿತು. ಮೈಸೂರಿನ ವಠಾರಗಳಲ್ಲಿಯೂ ಮಂಡ್ಯದ ಹಳ್ಳಿಮನೆಗಳಲ್ಲಿಯೂ ತಾತ, ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು ಒಂದೇ ಸೂರಿನಡಿ ಹಗಲಿರುಳು ಕಳೆಯಬೇಕಾಗಿ ಬಂದಾಗ, ರೋಗದ ಭಯಕ್ಕಿಂತ ದಿನ ದೂಡುವ ಬಗೆಯೇ ಹಲವರನ್ನು ಹೆಚ್ಚು ಕಾಡಿತು. 2020ರ ಮೇ ತಿಂಗಳಿನಿಂದ 65 ವರ್ಷ ದಾಟಿದವರು ಮತ್ತು 10 ವರ್ಷದೊಳಗಿನ ಮಕ್ಕಳು ಅಗತ್ಯ ಕೆಲಸ ಹಾಗೂ ಚಿಕಿತ್ಸೆಗಲ್ಲದೆ ಮನೆಯಿಂದ ಹೊರಡಬಾರದೆಂದು ಕೇಂದ್ರ ಸರ್ಕಾರ ಸೂಚಿಸಿತ್ತು. ಮುಂದೆ ಇಂಥ ದಿನಗಳು ಬಂದರೆ ಮೊದಲು ನೆನಪಿಡಬೇಕಾದ ಮಾತೊಂದಿದೆ: ಮನೆಯ ಪ್ರತಿಯೊಬ್ಬರಿಗೂ, ಇನ್ನೊಬ್ಬರಿಗೆ ನಿಜವಾಗಿ ಬೇಕಾಗಿರುವ ಒಂದು ಕೆಲಸ ಇರಲೇಬೇಕು. ಬರಿದೇ ಜೋಪಾನ ಮಾಡಿಸಿಕೊಂಡು ಕೂರುವವರು ಬೇಗ ಕುಗ್ಗಿಹೋಗುತ್ತಾರೆ.

ಹಿರಿಯರ ವಿಷಯದಲ್ಲಿ ಮಾತ್ರೆಗಳಿಂದಲೇ ಆರಂಭಿಸುವುದು ಒಳ್ಳೆಯದು. ಬಿ.ಪಿ., ಸಕ್ಕರೆ ಕಾಯಿಲೆ, ಥೈರಾಯ್ಡ್ ಇವುಗಳಿಗೆ ನಿತ್ಯ ನುಂಗುವ ಮಾತ್ರೆಗಳು ಒಂದು ತಿಂಗಳಿಗಾಗುವಷ್ಟು ಮನೆಯಲ್ಲಿರಲಿ. ಪ್ರತಿ ಮಾತ್ರೆಯ ಹೆಸರು, ಪ್ರಮಾಣ ಮತ್ತು ಹೊತ್ತನ್ನು ಒಂದು ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ, ವೈದ್ಯರ ಚೀಟಿಯ ಚಿತ್ರವನ್ನು ಇಬ್ಬರ ಮೊಬೈಲ್‌ನಲ್ಲಾದರೂ ಇಟ್ಟುಕೊಳ್ಳಿ. 2021ರಲ್ಲಿ ದಿನಸಿ, ತರಕಾರಿ ಕೊಳ್ಳಲು ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅವಕಾಶವಿತ್ತು. ಹೊರಗೆ ಹೋಗುವವರು ಒಬ್ಬರೇ ಆಗಿ, ಇಡೀ ಮನೆಯ ಪಟ್ಟಿಯನ್ನು ಹಿಂದಿನ ರಾತ್ರಿಯೇ ಬರೆದಿಟ್ಟುಕೊಂಡರೆ ಆ ನಾಲ್ಕು ಗಂಟೆ ಸಾಕಾಗುತ್ತದೆ. ಆ ಪಟ್ಟಿ ಬರೆಯುವ ಮತ್ತು ಲೆಕ್ಕ ಇಡುವ ಕೆಲಸವನ್ನು ತಾತನಿಗೆ ಒಪ್ಪಿಸಿ. ನಲವತ್ತು ವರ್ಷ ಮನೆ ನಡೆಸಿದವರಿಗೆ ಇದು ಕಾಲಕ್ಷೇಪವಲ್ಲ. ತಮ್ಮ ಮಾತು ಇನ್ನೂ ನಡೆಯುತ್ತದೆ ಎಂಬ ಭರವಸೆ.

ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿತ್ಯ ನಡೆಯುತ್ತಿದ್ದವರಿಗೆ ಆ ನಡಿಗೆ ತಪ್ಪಿದ್ದು ಕಾಲಿಗೆ ಮಾತ್ರವಲ್ಲ, ಗೆಳೆಯರ ಒಡನಾಟಕ್ಕೂ ಬಿದ್ದ ಪೆಟ್ಟು. ಮಹಡಿಯ ಮೇಲೋ ಹಿತ್ತಲಿನಲ್ಲೋ ಬೆಳಿಗ್ಗೆ, ಸಂಜೆ ಹೊತ್ತು ಗೊತ್ತುಮಾಡಿಕೊಂಡು ನಡೆಯಲಿ. ಅದೇ ಹೊತ್ತಿಗೆ ವಾಕಿಂಗ್ ಗೆಳೆಯರೂ ಫೋನಿನಲ್ಲಿ ಮಾತಿಗೆ ಸಿಗುವಂತೆ ಏರ್ಪಡಿಸಿ. ವಿಡಿಯೊ ಕರೆ ಮಾಡುವುದನ್ನು ಹಿರಿಯರಿಗೆ ಕಲಿಸುವಾಗ ಫೋನನ್ನು ನೀವೇ ಹಿಡಿದು ತೋರಿಸಬೇಡಿ. ಅವರ ಕೈಯಲ್ಲೇ ಇರಲಿ, ಅವರ ಬೆರಳೇ ಒತ್ತಲಿ. ಈ ಪಾಠಕ್ಕೆ ಮೊಮ್ಮಕ್ಕಳಷ್ಟು ತಾಳ್ಮೆಯ ಮೇಷ್ಟರು ಮಗನಾಗಲೀ ಮಗಳಾಗಲೀ ಆಗಲಾರರು.

ಮೊಮ್ಮಕ್ಕಳು ಕಲಿಸಿದ್ದಕ್ಕೆ ಪ್ರತಿಯಾಗಿ ಅಜ್ಜಿ ಕಲಿಸಬಹುದಾದದ್ದೂ ಬಹಳವಿದೆ. ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ಕವಡೆ ಎಸೆದು ಕಾಯಿ ನಡೆಸುವ ಚೌಕಾಬಾರ. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರ್ ರೂಪಿಸಿದ ಆಟಗಳನ್ನು ಚಿತ್ರಿಸಿಟ್ಟುಕೊಂಡಿರುವ ಊರಿನ ಮಕ್ಕಳಿಗೆ ನೆಲದ ಮೇಲಿನ ಆಟ ಗೊತ್ತಿಲ್ಲದಿರುವುದು ನಿಜಕ್ಕೂ ಬೇಸರದ ಸಂಗತಿ. ಸೀಮೆಸುಣ್ಣದಿಂದ ನೆಲದ ಮೇಲೆ ಐದಕ್ಕೆ ಐದರಂತೆ 25 ಮನೆಗಳನ್ನು ಬರೆದು, ನಾಲ್ಕೂ ಬದಿಗಳ ನಡುಮನೆಗೆ ಮತ್ತು ಒಟ್ಟು ಚೌಕದ ನಡುವಿನ ಮನೆಗೆ ಅಡ್ಡಗೆರೆ ಹಾಕಬೇಕು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆ ಬೀಜಗಳನ್ನು ಒಂದೇ ಬದಿಗೆ ಒರಟು ಕಲ್ಲಿನ ಮೇಲೆ ಉಜ್ಜಿ, ಕಪ್ಪು ಸಿಪ್ಪೆ ಹೋಗಿ ಬಿಳುಪು ಕಾಣುವವರೆಗೆ ಬಿಡದೆ ಉಜ್ಜಿಸಿ. ಚಿಕ್ಕ ಮಕ್ಕಳು ಇದರಲ್ಲೇ ಅರ್ಧ ಗಂಟೆ ಮೈಮರೆಯುತ್ತಾರೆ. ಎಸೆದಾಗ ಎಷ್ಟು ಬಿಳುಪು ಮೇಲೆ ಬೀಳುತ್ತದೋ ಅಷ್ಟು ಮನೆ ನಡೆಸಬೇಕು. ನಾಲ್ಕೂ ಕಪ್ಪಾದರೆ 8. ನಾಲ್ಕು ಅಥವಾ ಎಂಟು ಬಿದ್ದವರಿಗೆ ಇನ್ನೊಂದು ಎಸೆತ ಸಿಗುತ್ತದೆ. ಒಬ್ಬೊಬ್ಬರಿಗೆ ನಾಲ್ಕು ಕಾಯಿ: ಕಡಲೆ, ಬಳೆಚೂರು, ಅಂಗಿಯ ಗುಂಡಿ, ಏನಾದರೂ ಆಗುತ್ತದೆ. ಅಡ್ಡಗೆರೆಯ ಮನೆಯಲ್ಲಿ ಕುಳಿತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ, ಒಬ್ಬರ ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಇಳಿಯುವಂತಿಲ್ಲ ಎಂಬುದು ವಾಡಿಕೆಯ ನಿಯಮ. ಮೊಬೈಲ್ ಕಿತ್ತುಕೊಂಡು ಮಗುವನ್ನು ಆಟಕ್ಕೆ ಕೂರಿಸಿದರೆ ಪ್ರಯೋಜನವಿಲ್ಲ. ದೊಡ್ಡವರು ಮೊದಲು ತಾವೇ ಕುಳಿತು, ಗಟ್ಟಿಯಾಗಿ ಎಣಿಸುತ್ತಾ ಆಡಬೇಕು. ಮಕ್ಕಳು ತಾವಾಗಿಯೇ ಬಳಿಗೆ ಬರುತ್ತಾರೆ.

ಓದಿನ ವಿಷಯದಲ್ಲಿ ಒಂದೇ ಮೊಬೈಲ್ ಇರುವ ಮನೆಗಳ ಸಂಕಟ ಎಲ್ಲರಿಗೂ ತಿಳಿದದ್ದೇ. ದೊಡ್ಡ ತರಗತಿಯವರಿಗೆ ಮೊದಲ ಆದ್ಯತೆ ಕೊಡಿ. 2020ರ ಎಸ್ಸೆಸ್ಸೆಲ್ಸಿ ಪರೀಕ್ಷೆ ಜೂನ್ 25ರಂದು ಆರಂಭವಾಗುವವರೆಗೂ ಆ ಮಕ್ಕಳು ಪಟ್ಟ ಆತಂಕ ಕಡಿಮೆಯದಲ್ಲ. ಚಂದನ ವಾಹಿನಿಯಲ್ಲಿ ಪಾಠ ಪ್ರಸಾರವಾದರೆ ಫೋನಿನ ಜಗಳ ಅಷ್ಟರಮಟ್ಟಿಗೆ ತಗ್ಗುತ್ತದೆ. ಆ ಹೊತ್ತಿಗೆ ಮನೆಯವರು ಧಾರಾವಾಹಿ ಬಿಟ್ಟುಕೊಡಬೇಕು.

ಬೆಂಗಳೂರಿನಿಂದ ಊರಿಗೆ ಮರಳಿದ ಯುವಕ ಯುವತಿಯರ ಪಾಡು ಬೇರೆ. ಮಂಡ್ಯದ ಹಳ್ಳಿಯಲ್ಲಿ ನೆಟ್‌ವರ್ಕ್ ಸಿಗುವ ಮೂಲೆ ಹುಡುಕಿ ಲ್ಯಾಪ್‌ಟಾಪ್ ಹಿಡಿದು ಕುಳಿತವರನ್ನು ಕಂಡು, ಮನೆಯಲ್ಲೇ ಇದ್ದಾನಲ್ಲ ಎಂದು ಹಿರಿಯರು ಗಳಿಗೆಗೊಮ್ಮೆ ಕೂಗುವುದುಂಟು. ಕೆಲಸದ ಹೊತ್ತು ಯಾವುದು, ಬಿಡುವು ಯಾವುದು ಎಂದು ಮೊದಲ ದಿನವೇ ಬಿಡಿಸಿ ಹೇಳಿ, ಬಿಡುವಿನಲ್ಲಿ ಕರೆದಾಗ ತಪ್ಪದೆ ಏಳಬೇಕು. ಮುಂಬೈಯಿಂದ ಕೆ.ಆರ್. ಪೇಟೆ, ನಾಗಮಂಗಲದ ಕಡೆಗೆ ಬಂದವರಂತೆ ಕ್ವಾರಂಟೈನ್ ಮುಗಿಸಿ ಮನೆ ಸೇರಿದವರನ್ನು ನೆರೆಹೊರೆಯವರು ಅನುಮಾನದಿಂದ ನೋಡಿದಾಗ, ಅವರ ಪರವಾಗಿ ಮಾತನಾಡಬೇಕಾದವರು ಮನೆಯ ಹಿರಿಯರೇ.

ಇಷ್ಟೆಲ್ಲ ಏರ್ಪಾಡು ಮಾಡುವಾಗ ಸೊಸೆಯ ಹೆಸರು ಮರೆತುಹೋಗುವುದೇ ಹೆಚ್ಚು. ಎಲ್ಲರೂ ಮನೆಯಲ್ಲಿದ್ದರೆ ಕಾಫಿ, ತಿಂಡಿ, ಊಟ, ಮತ್ತೆ ಕಾಫಿ ಎಂದು ಒಲೆ ಆರುವುದೇ ಇಲ್ಲ. ಹಿರಿಯರಿಗೆ ಉಪ್ಪು ಕಡಿಮೆ, ಮಕ್ಕಳಿಗೆ ಖಾರ ಕಡಿಮೆ ಎಂದು ಪಾತ್ರೆಗಳೂ ಹೆಚ್ಚುತ್ತವೆ. ಆದ್ದರಿಂದ ತಿಂಡಿಗೆ, ಊಟಕ್ಕೆ ಒಂದೊಂದೇ ಹೊತ್ತು ನಿಗದಿಯಾಗಲಿ, ಸಂಜೆಯ ಕಾಫಿ ಮಗನ ಪಾಲಿಗಿರಲಿ, ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು ಹಜಾರದಲ್ಲಿ ಕುಳಿತವರೆಲ್ಲರ ಕೆಲಸವಾಗಲಿ, ಉಂಡ ತಟ್ಟೆಯನ್ನು ಉಂಡವರೇ ತೊಳೆಯಲಿ. ಮಧ್ಯಾಹ್ನ ಒಂದು ಗಂಟೆ ಆಕೆಯನ್ನು ಯಾರೂ ಯಾವುದಕ್ಕೂ ಕರೆಯಬಾರದು. ಈ ನಿಯಮವನ್ನು ಆಕೆಯೇ ಹೇಳಿದರೆ ಉಳಿಯುವುದಿಲ್ಲ. ಅತ್ತೆ ಹೇಳಿದರೆ ಉಳಿಯುತ್ತದೆ.

ಹೀಗೆ ನಡೆಯುತ್ತಿದ್ದರೂ ತಾತ ಊಟ ಬಿಟ್ಟು ಮೌನವಾಗಿ ಮಲಗುವುದು, ಹರೆಯದ ಹುಡುಗ ರಾತ್ರಿಯೆಲ್ಲ ಎಚ್ಚರವಿದ್ದು ಹಗಲು ಮಲಗುವುದು, ಸಣ್ಣ ಮಾತಿಗೂ ಯಾರಿಗಾದರೂ ಅಳು ಬರುವುದು ವಾರ ಕಳೆದರೂ ನಿಲ್ಲದಿದ್ದರೆ ಸರಿಹೋಗುತ್ತದೆಂದು ಕಾಯಬೇಡಿ. ಮಾನಸಿಕ ಆರೋಗ್ಯಕ್ಕಾಗಿ ಇರುವ ಟೆಲಿ ಮಾನಸ್ ಸಹಾಯವಾಣಿ 14416 ಉಚಿತವಾಗಿ, ಹಗಲೂ ರಾತ್ರಿಯೂ ದೊರೆಯುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು; ಹಿರಿಯ ನಾಗರಿಕರಿಗೆ 14567 ಇದೆ. ಎರಡೂ ಸಂಖ್ಯೆಗಳನ್ನು ಮಾತ್ರೆಗಳ ಪಟ್ಟಿಯ ಕೆಳಗೇ, ಅಷ್ಟೇ ದಪ್ಪ ಅಕ್ಷರದಲ್ಲಿ ಬರೆದಿಡಿ.